ಮೂವತ್ತಾರು ಡಿಗ್ರಿಯ ಬೆಳಗು

ಅಳಿಯನ ಮುಂದೆ ಸೋಲಬಾರದು ಎಂಬ ಹಟ ಮಾವನಾದವನಿಗೆ ಎಲ್ಲಿಂದ ಬರುತ್ತದೋ, ನನಗಂತೂ ಬಂದಿತ್ತು. ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. 2018ರ ನವೆಂಬರಿನಲ್ಲಿ ನಾನೂ ನನ್ನಾಕೆಯೂ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಬರೋಣವೆಂದು ಅಮೆರಿಕದ ಮಿಷಿಗನ್‌ಗೆ ಹೋದೆವು. ಡೆಟ್ರಾಯಿಟ್‌ನ ಹೊರವಲಯದ ಒಂದು ಊರು. ಕಾರು ಕಂಪನಿಗಳನ್ನು ನಂಬಿ ಬಂದ ನಮ್ಮವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಳಿಯ ಹುಬ್ಬಳ್ಳಿಯವನು, ಆ ಸೀಮೆಯಲ್ಲಿ ಹನ್ನೆರಡು ಚಳಿಗಾಲ ಕಂಡವನು. ಹೋದ ಎರಡನೇ ದಿನವೇ ನಮ್ಮಿಬ್ಬರಿಗೆ ಹತ್ತಿಕೊಂಡಿತು, ಗೋಡೆಯ ಮೇಲಿದ್ದ ಒಂದು ಪುಟ್ಟ ಡಬ್ಬಿಯ ದೆಸೆಯಿಂದ. ಮನೆಯ ಬಿಸಿ ಎಷ್ಟಿರಬೇಕೆಂದು ಹೇಳುವ ಥರ್ಮೋಸ್ಟಾಟ್ ಅದು. 70 ಎಂದು ತೋರಿಸುತ್ತಿತ್ತು.

"ಇದೇನಪ್ಪಾ ಎಪ್ಪತ್ತು? ಎಪ್ಪತ್ತು ಡಿಗ್ರಿ ನೀರಿಗೆ ಕೈಯಿಟ್ಟರೆ ಬೊಬ್ಬೆ ಬರುತ್ತೆ" ಎಂದೆ. ಅದು ಫ್ಯಾರನ್‌ಹೀಟ್ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಲು ಕೆರೆಯಬೇಕಿತ್ತು, ಅಷ್ಟೆ.

ಅವನು ನಕ್ಕ. "ಮಾವಾರ, ಸೊನ್ನೆ ಅಂದ್ರ ಸಾಯೋ ಥಂಡಿ, ನೂರು ಅಂದ್ರ ಸಾಯೋ ಬಿಸಲು. ನಡುವ ಮನಷ್ಯಾ. ಇದಕಿಂತ ಛಲೋ ಅಳತಿ ಯಾವುದೈತ್ರಿ?"

"ನೀರು ಹೆಪ್ಪುಗಟ್ಟಿದರೆ ಸೊನ್ನೆ, ಕುದಿದರೆ ನೂರು. ಇದಕ್ಕಿಂತ ನೇರ ಇನ್ನೇನು ಬೇಕು?"

"ನೀರು ಕುದಿಯೂ ಹೊತ್ತಿನ್ಯಾಗ ನಾನೇನು ಹೊರಗ ಅಡ್ಡಾಡಾಕ ಹೋಗ್ತೀನೇನ್ರಿ?"

ಅಲ್ಲಿಂದ ಶುರು. ಊಟಕ್ಕೆ ಕೂತಾಗ ಒಂದು ಸುತ್ತು, ಟೀವಿಯಲ್ಲಿ ಹವಾಮಾನ ಬಂದಾಗ ಇನ್ನೊಂದು ಸುತ್ತು. ನಾನು ಹುಟ್ಟಿದ್ದು 1957ರಲ್ಲಿ, ನಯಾಪೈಸೆ ಬಂದ ವರ್ಷ. ಸೇರು, ಪಾವು, ಮೈಲಿಗಳನ್ನು ಬಿಟ್ಟು ದೇಶವಿಡೀ ಹತ್ತರ ಲೆಕ್ಕಕ್ಕೆ ಬಂದದ್ದನ್ನು ಕಣ್ಣಾರೆ ಕಂಡ ತಲೆಮಾರು ನಮ್ಮದು. ಅಮೆರಿಕ 1975ರಲ್ಲಿ ಮೆಟ್ರಿಕ್ ಕಾಯಿದೆ ಮಾಡಿ, ಯಾರಿಗೂ ಕಡ್ಡಾಯ ಮಾಡದೆ, 1982ರಲ್ಲಿ ಅದಕ್ಕೆಂದೇ ಇದ್ದ ಮಂಡಳಿಯನ್ನೂ ಮುಚ್ಚಿತು. ಇದನ್ನು ನಾನು ಅಳಿಯನಿಗೆ ಅವನೇ ಮುಚ್ಚಿಸಿದನೇನೋ ಎಂಬ ಧಾಟಿಯಲ್ಲಿ ಹೇಳುತ್ತಿದ್ದೆ.

ನನ್ನ ವಾದದಲ್ಲಿ ಎರಡು ಕಳ್ಳತನಗಳಿದ್ದವು. ಈಗ ಒಪ್ಪಿಕೊಳ್ಳುತ್ತೇನೆ.

ಒಂದು, ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಯನ್ನು ಮುಂದಿಟ್ಟಾಗ ಅದು ತಲೆಕೆಳಗಾಗಿತ್ತು. ನೀರು ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು! ಅದನ್ನು ನೆಟ್ಟಗೆ ಮಾಡಿದ್ದು ಆಮೇಲಿನವರು. ಪ್ರತಿ ವರ್ಷ ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುತ್ತಿದ್ದ ಈ ಸಂಗತಿಯನ್ನು ಅಳಿಯನ ಮುಂದೆ ಒಂದು ದಿನವೂ ಬಾಯಿಬಿಡಲಿಲ್ಲ. ಎರಡನೆಯದನ್ನು ನನ್ನಾಕೆಯೇ ಹಿಡಿದಳು. ಮೊಮ್ಮಗನಿಗೆ ಒಂದು ಸಂಜೆ ಮೈ ಬೆಚ್ಚಗಾಗಿ, ಥರ್ಮಾಮೀಟರ್ ನೋಡಿ ನಾನು "ನೂರೊಂದಿದೆ, ಪ್ಯಾರಾಸಿಟಮಾಲ್ ಕೊಡಿ" ಎಂದೆ. ಅಡುಗೆಮನೆಯಿಂದ ದನಿ ಬಂತು: "ರೀ, ನೂರೊಂದಕ್ಕೆ ನೀರೇ ಕುದ್ದು ಹೋಗುತ್ತಲ್ಲ, ಮಗು ಹೇಗಿದೆ?"

ನಿಜ. ಇಡೀ ಇಂಡಿಯಾದಲ್ಲಿ ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್. ಹೊರಗೆ ಮೂವತ್ತೆಂಟೆಂದರೆ ಬೆವರುತ್ತೇವೆ, ಒಳಗೆ ತೊಂಬತ್ತೊಂಬತ್ತೆಂದರೆ ಹಣೆ ಮುಟ್ಟಿ ನೋಡುತ್ತೇವೆ. ಆ ಪವಿತ್ರವಾದ 98.6 ಇದೆಯಲ್ಲ, ಅದು ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ವುಂಡರ್ಲಿಕ್ ಹೇಳಿದ 37 ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ ಬಂದ ಸಂಖ್ಯೆ. ಸುಮಾರು ಎಂದು ಹೇಳಿದ ಮಾತು ಇನ್ನೊಂದು ಅಳತೆಗೆ ಹೋಗಿ ದಶಾಂಶ ಬಿಂದು ಹಚ್ಚಿಕೊಂಡು ಶಾಸನವಾಗಿಬಿಟ್ಟಿತು. ಹೀಗೆಲ್ಲ ಮಾತಾಡಿ ಆ ಸಂಜೆ ಜಾರಿಕೊಂಡೆ.

ಅಳಿಯನ ಒಂದು ಅಭ್ಯಾಸ ನನಗೆ ತಮಾಷೆಯಾಗಿ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಆರಕ್ಕೆ, ಕಾಫಿಗೂ ಮೊದಲು, ಲುಂಗಿಯ ಮೇಲೆ ದಪ್ಪ ಕೋಟು ಹಾಕಿಕೊಂಡು ಗ್ಯಾರೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದ. ಬೂಟುಗಾಲನ್ನು ಮುಂದೆ ಚಾಚಿ ಕಾಂಕ್ರೀಟಿನ ಮೇಲೆ ಆಚೆ ಈಚೆ ಉಜ್ಜಿ ನೋಡುತ್ತಿದ್ದ, ಸಂತೆಯಲ್ಲಿ ಮಾವಿನಹಣ್ಣು ಒತ್ತಿ ನೋಡಿದ ಹಾಗೆ. ಆಮೇಲೆ ಬಕೆಟಿನಿಂದ ಒಂದು ಬೊಗಸೆ ಹರಳುಪ್ಪು ಚೆಲ್ಲಿ ಒಳಗೆ ಬರುತ್ತಿದ್ದ. ಫೋನಿನಲ್ಲಿ ಡಿಗ್ರಿ ಇದೆ, ಕಾರಿನಲ್ಲಿ ಡಿಗ್ರಿ ಇದೆ, ಗೋಡೆಯ ಮೇಲೆ ಡಿಗ್ರಿ ಇದೆ. ಕಾಲಲ್ಲಿ ನೋಡುವುದು ಏನು ಬಂತು ಎಂದು ನಾನು ಕಿಟಕಿಯಲ್ಲಿ ನಿಂತು ನಗುತ್ತಿದ್ದೆ.

ಉಪ್ಪಿನ ಬಗ್ಗೆ ಒಂದು ಮಾತು. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿ ಇದೆ. ಆ ಉಪ್ಪು ರಸ್ತೆಗೆ ಬೀಳುತ್ತದೆ. ಹಿಮ ಬಿದ್ದ ರಾತ್ರಿ ದೊಡ್ಡ ದೊಡ್ಡ ಟ್ರಕ್ಕುಗಳು ಹಿಂಬದಿಯಿಂದ ಹರಳುಪ್ಪನ್ನು ಎರಚುತ್ತ ಹೋಗುತ್ತವೆ. ಉಪ್ಪು ಬೆರೆತ ನೀರು ಸೊನ್ನೆ ಸೆಲ್ಸಿಯಸ್ಸಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ನಮ್ಮಲ್ಲಿ ಐಸ್‌ಕ್ರೀಮ್ ಕಡೆಯುವವರು ಮರದ ಬುಟ್ಟಿಯ ಐಸಿಗೆ ಉಪ್ಪು ಸುರಿಯುವುದು ಇದೇ ಲೆಕ್ಕದ ಮೇಲೆ. "ಫ್ಯಾರನ್‌ಹೀಟಿನ ಸೊನ್ನೆ ಯಾವುದರ ಸೊನ್ನೆ ಹೇಳು ನೋಡೋಣ? ಯಾವುದರದ್ದೂ ಅಲ್ಲ!" ಎಂದು ನಾನು ಅಳಿಯನನ್ನು ಕೆಣಕುತ್ತಿದ್ದೆನಲ್ಲ, ಅದೂ ಸುಳ್ಳೇ. 1724ರಲ್ಲಿ ಫ್ಯಾರನ್‌ಹೀಟ್ ಬರೆದ ಪ್ರಬಂಧದಲ್ಲಿ ಸೊನ್ನೆ ಎಂದರೆ ಮಂಜುಗಡ್ಡೆ, ನೀರು ಮತ್ತು ನವಸಾಗರ ಬೆರೆಸಿದಾಗ ಸಿಗುವ ಥಂಡಿ. ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ಅದೇ ನವಸಾಗರ. ಅಂದರೆ ಅವನ ಸೊನ್ನೆ ಐಸು ಮತ್ತು ಉಪ್ಪಿನ ಸೊನ್ನೆ. ಮನೆಯ ಮುಂದಿನ ರಸ್ತೆಯ ಮೇಲೆ ದಿನಾ ಬೀಳುತ್ತಿದ್ದ ಅದೇ ಮಿಶ್ರಣದ ಸೋದರಸಂಬಂಧಿ. ನಾನು ಯಾವುದಕ್ಕೂ ಸಂಬಂಧವಿಲ್ಲ ಎಂದು ನಗುತ್ತಿದ್ದ ಅಳತೆಗೆ ಆ ರಸ್ತೆಯ ಜೊತೆ ನನಗಿಂತ ಹೆಚ್ಚಿನ ಸಂಬಂಧವಿತ್ತು.

ಜನವರಿಯ ಕೊನೆಗೆ ಉತ್ತರ ಧ್ರುವದ ಗಾಳಿ ಕೆಳಗಿಳಿದು ಬಂತು. ಅಂಥ ಚಳಿಯನ್ನು ನಾನು ಪುಸ್ತಕದಲ್ಲೂ ಊಹಿಸಿರಲಿಲ್ಲ. ಫ್ಯಾರನ್‌ಹೀಟಿನಲ್ಲೇ ಮೈನಸ್ ಹತ್ತಕ್ಕೂ ಕೆಳಗೆ. ಸೆಲ್ಸಿಯಸ್ಸಿನಲ್ಲಿ ಮೈನಸ್ ಇಪ್ಪತ್ಮೂರು ದಾಟಿತು. ಶಾಲೆಗಳು ಮುಚ್ಚಿದವು. 30ನೇ ತಾರೀಕು ರಾತ್ರಿ ಮನೆಯ ಎಲ್ಲ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ಗ್ಯಾಸ್ ಪೂರೈಸುವ ಒಂದು ಕೇಂದ್ರದಲ್ಲಿ ಬೆಂಕಿ ಬಿದ್ದಿದೆ, ಎಲ್ಲರೂ ಥರ್ಮೋಸ್ಟಾಟನ್ನು 65ಕ್ಕೆ ಇಳಿಸಿ ಎಂಬ ಸರ್ಕಾರದ ತುರ್ತು ಸಂದೇಶ. 65 ಎಂದರೆ ಹದಿನೆಂಟು ಚಿಲ್ಲರೆ ಸೆಲ್ಸಿಯಸ್, ನಮ್ಮೂರಿನ ಡಿಸೆಂಬರ್ ಬೆಳಗು. ಕಂಬಳಿ ಹೊದ್ದು ನಾಲ್ಕೂ ಜನ ಒಂದೇ ಕೋಣೆಯಲ್ಲಿ ಕೂತೆವು, ಮಧ್ಯದಲ್ಲಿ ಮೊಮ್ಮಗ. ಆ ರಾತ್ರಿ ನಾನೂ ಅಳಿಯನೂ ಜಗಳವಾಡಲಿಲ್ಲ. ಮೈನಸ್ ನಲವತ್ತರಲ್ಲಿ ಎರಡೂ ಅಳತೆ ಒಂದೇ ಆಗುತ್ತವೆ ಎಂದು ಅವನು ನೆನಪಿಸಿದ. ಇನ್ನಷ್ಟು ಇಳಿದರೆ ರಾಜಿಯಾಗುತ್ತೇವೆ ಎಂದು ಮಗಳು ನಕ್ಕಳು.

ಆ ವಾರ ಯಾರಿಗೂ ಏನೂ ಆಗಲಿಲ್ಲ. ನಮಗೆ ಏಟು ಬಿದ್ದದ್ದು ಚಳಿ ಮುರಿದ ಮೇಲೆ.

ಫೆಬ್ರವರಿಯ ಮೂರನೇ ವಾರ. ಅಳಿಯ ಕೆಲಸದ ಮೇಲೆ ಎರಡು ದಿನ ಒಹಾಯೋಗೆ ಹೋಗಿದ್ದ. ಹಿಂದಿನ ಮಧ್ಯಾಹ್ನ ಒಳ್ಳೆ ಬಿಸಿಲು ಬಿದ್ದು, ರಸ್ತೆಯಂಚಿನ ಹಿಮ ಕರಗಿ ಹರಿದಿತ್ತು. ರಾತ್ರಿ ಮೋಡವಿಲ್ಲದ ಆಕಾಶ, ಎಣಿಸಬಹುದಾದಷ್ಟು ಸ್ಪಷ್ಟ ನಕ್ಷತ್ರಗಳು. ಬೆಳಿಗ್ಗೆ ಏಳಕ್ಕೆ ಅಳಿಯ ಫೋನ್ ಮಾಡಿದ. ಮಗಳು ಸ್ನಾನಕ್ಕೆ ಹೋಗಿದ್ದಳು, ನಾನೇ ಎತ್ತಿದೆ.

"ಇವತ್ತ ಹತ್ತರ ತನಕ ಗಾಡಿ ತೆಗೀಬ್ಯಾಡ ಅಂತ ಹೇಳ್ರಿ ಮಾವಾರ ಆಕಿಗೆ. ಸಾಲಿಗೆ ತಡ ಆದ್ರ ಆಗ್ಲಿ."

ಹೇಳಿದೆ. ಆದರೆ ಹೇಳುವ ಹಾಗೆ ಹೇಳಲಿಲ್ಲ. "ನಿನ್ನ ಗಂಡ ಒಹಾಯೋದಲ್ಲಿ ಕೂತು ಇಲ್ಲಿನ ರಸ್ತೆ ನೋಡ್ತಿದಾನೆ" ಎಂದು ನಗುತ್ತ ಹೇಳಿದೆ. ಮೂವತ್ತೊಂದು ವರ್ಷ ಮೊದಲ ಬೆಲ್ಲಿಗೆ ಐದು ನಿಮಿಷ ಮುಂಚೆ ತರಗತಿಯ ಬಾಗಿಲಲ್ಲಿ ನಿಂತವನು ನಾನು. ಮಗು ಶಾಲೆಗೆ ತಡವಾಗಿ ಹೋಗುವುದೆಂದರೆ ನನಗೆ ಮೈ ಉರಿಯುತ್ತದೆ. ಎಂಟು ಗಂಟೆಗೆ ಮಗಳು ಕಾರಿನ ತನಕ ಬಂದು, ಇಂಜಿನ್ ಹಾಕಿ, ಫಲಕ ನೋಡಿದಳು. 36 ಎಂದಿತ್ತು.

"ಮೂವತ್ತಾರು ಅಂದರೆ ಎರಡು ಪಾಯಿಂಟ್ ಎರಡು ಸೆಲ್ಸಿಯಸ್. ಸೊನ್ನೆಗಿಂತ ಮೇಲೆ. ಸೊನ್ನೆಗಿಂತ ಮೇಲೆ ಐಸ್ ಇರಲ್ಲ ಪುಟ್ಟಿ, ನಡಿ" ಎಂದೆ.

ಲೆಕ್ಕ ಸರಿಯಾಗಿತ್ತು. ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ 2.2 ಬರುತ್ತದೆ. ಚಿಕ್ಕಂದಿನಿಂದ ಅಪ್ಪ ಲೆಕ್ಕ ತಪ್ಪಿದ್ದನ್ನು ನನ್ನ ಮಗಳು ನೋಡಿದವಳಲ್ಲ. ಒಂದು ಗಳಿಗೆ ಸ್ಟಿಯರಿಂಗ್ ಮೇಲೆ ಬೆರಳಾಡಿಸಿದಳು, ನನ್ನ ಮುಖ ನೋಡಿದಳು, ಗೇರ್ ಹಾಕಿದಳು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಬಾಯಲ್ಲಿ 2.2 ಎಂದರೂ, 36 ಎಂಬ ಸಂಖ್ಯೆ ನನ್ನ ಕಿವಿಗೆ ದಾವಣಗೆರೆಯ ಮಾರ್ಚ್ ತಿಂಗಳಾಗಿ ಬಿದ್ದಿತ್ತು. ಮೂವತ್ತಾರಕ್ಕೆ ಹೆದರುವುದು ಹೇಗೆ ಎಂದು ಈ ಮೈಗೆ ಗೊತ್ತೇ ಇರಲಿಲ್ಲ.

ಮನೆಯಿಂದ ಮೂರು ಮೈಲಿ. ರೂಜ್ ನದಿಯ ಒಂದು ಕವಲಿನ ಮೇಲೆ ಸಣ್ಣ ಸೇತುವೆ, ಅದಕ್ಕೆ ಮುಂಚೆ ಒಂದು ಹಳದಿ ಬೋರ್ಡು. ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟೀತು, ಜೋಕೆ ಎನ್ನುವ ಅರ್ಥದ್ದು. ಅದನ್ನು ನಾನು ಹತ್ತಾರು ಸಲ ಓದಿದ್ದೆ, ಊರ ಹೆಸರಿನ ಹಲಗೆ ಓದಿದ ಹಾಗೆ. ಕಾರು ನಲವತ್ತು ಮೈಲಿ ವೇಗದಲ್ಲಿತ್ತು. ಸೇತುವೆಯ ಮೇಲೆ ರಸ್ತೆ ಬರೀ ಒದ್ದೆಯಾಗಿ, ಕಪ್ಪಗೆ ಮಿರುಗುತ್ತಿತ್ತು. ಚಕ್ರಗಳ ಸದ್ದು ಇದ್ದಕ್ಕಿದ್ದ ಹಾಗೆ ನಿಂತಿತು. ನನಗೆ ಈಗಲೂ ನೆನಪಿರುವುದು ಆ ನಿಶ್ಶಬ್ದ. ಮಗಳು ಬ್ರೇಕ್ ತುಳಿದಳು. ಕಾರಿನ ಮೂತಿ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ಎಡಕ್ಕೆ ತಿರುಗಿತು. ಇನ್ನೂ ತಿರುಗಿತು. ನಾವು ಬಂದ ದಾರಿಯೇ ಗಾಜಿನಲ್ಲಿ ಕಾಣಿಸಿತು. ಆಮೇಲೆ ಕಬ್ಬಿಣದ ತಡೆಬೇಲಿ, ಏರ್‌ಬ್ಯಾಗಿನ ಢಮ್ ಎಂಬ ಸದ್ದು, ಪಟಾಕಿಯಂಥ ವಾಸನೆ.

ಮೊಮ್ಮಗ ಹಿಂದಿನ ಸೀಟಿನಲ್ಲಿ, ತನ್ನ ಮಕ್ಕಳ ಕುರ್ಚಿಯಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು ಕೂತಿದ್ದ. ಅವನಿಗೆ ಗೀರೂ ಆಗಲಿಲ್ಲ. ಅವನು ಅತ್ತದ್ದು ಕೈಲಿದ್ದ ಸೇಬು ಕೆಳಗೆ ಬಿದ್ದಿತೆಂದು. ನನ್ನ ಕನ್ನಡಕ ಮುರಿಯಿತು. ಮಗಳ ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು.

ಕಾರಿಂದ ಇಳಿದವನು ಎರಡೇ ಹೆಜ್ಜೆಗೆ ಬಿದ್ದೆ. ಬಿದ್ದಲ್ಲೇ ಅಂಗೈ ಊರಿದೆ. ಒದ್ದೆ ಡಾಂಬರೆಂದು ಕಂಡದ್ದು ಗಾಜಿನ ಹಾಗೆ ನುಣ್ಣಗಿತ್ತು, ಕೆಳಗಿನ ಜಲ್ಲಿ ಕಲ್ಲು ಒಂದೊಂದೂ ಅದರೊಳಗಿಂದ ಕಾಣುತ್ತಿತ್ತು. ಕೈ ಮರಗಟ್ಟುವ ತನಕ ಹಾಗೇ ಇಟ್ಟುಕೊಂಡಿದ್ದೆ. ಆ ಇಡೀ ಚಳಿಗಾಲದಲ್ಲಿ ನಾನು ರಸ್ತೆಯನ್ನು ಮುಟ್ಟಿದ್ದು ಅದೇ ಮೊದಲು. ಬಾಗಿಲು ತೆರೆದಿದ್ದ ಕಾರಿನೊಳಗೆ ಫಲಕ ಇನ್ನೂ ಉರಿಯುತ್ತಿತ್ತು: 36.

ಅದು ಸುಳ್ಳು ಹೇಳಿರಲಿಲ್ಲ. ಆ ಸಂಖ್ಯೆ ಕಾರಿನ ಮುಂಬದಿಯ ಬಂಪರಿನ ಹಿಂದಿರುವ ಒಂದು ಸಂವೇದಕದ್ದು. ನೆಲದಿಂದ ಒಂದೆರಡು ಅಡಿ ಮೇಲಿನ ಗಾಳಿಯ ಬಿಸಿ ಅದು, ಇಂಜಿನ್ನಿನ ಶಾಖವೂ ಒಂದಿಷ್ಟು ತಾಗಿರಬಹುದು. ಹವಾಮಾನ ಇಲಾಖೆಯವರ ಥರ್ಮಾಮೀಟರೂ ನೆರಳಿನ ಪೆಟ್ಟಿಗೆಯಲ್ಲಿ ಆಳೆತ್ತರದ ಹತ್ತಿರ ಇರುತ್ತದೆ. ರಸ್ತೆಯನ್ನು ಇವೆರಡೂ ಅಳೆಯುವುದಿಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಸೂಸಿ, ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ. ಸೇತುವೆಗಂತೂ ಅಡಿಯಲ್ಲಿ ಬೆಚ್ಚಗಿನ ಮಣ್ಣೂ ಇಲ್ಲ, ಕೆಳಗಿಂದಲೂ ಮೇಲಿಂದಲೂ ಗಾಳಿ. ಹಿಂದಿನ ದಿನ ಕರಗಿ ಹರಿದ ನೀರು ಅಲ್ಲಿ ತೆಳ್ಳಗೆ, ಪಾರದರ್ಶಕವಾಗಿ ಹೆಪ್ಪುಗಟ್ಟಿ ಕೂತಿತ್ತು. ಕಪ್ಪು ಐಸ್ ಎಂದು ಅಲ್ಲಿನವರು ಕರೆಯುವುದು ಇದನ್ನೇ. ಕಪ್ಪು ರಸ್ತೆಯದು, ಐಸಿಗೆ ಬಣ್ಣವಿಲ್ಲ. ಕೊರೆಯುವ ಚಳಿಯ ಗಟ್ಟಿ ಮಂಜುಗಡ್ಡೆಗಿಂತ ಸೊನ್ನೆಯ ಆಸುಪಾಸಿನದು ಹೆಚ್ಚು ಜಾರುತ್ತದೆ, ಅದರ ಮೇಲೆ ನೀರಿನ ಪೊರೆಯಿರುತ್ತದೆ.

ಇದರಲ್ಲಿ ಒಂದೂ ನನಗೆ ಹೊಸದಲ್ಲ. ವಿಕಿರಣದ ಪಾಠವನ್ನೂ ಘರ್ಷಣೆಯ ಪಾಠವನ್ನೂ ನಾನೇ ಮಾಡಿದವನು. ಗಂಟೆಗೆ 64 ಕಿಲೋಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಘರ್ಷಣಾ ಗುಣಾಂಕ 0.7 ಇದ್ದರೆ ಸುಮಾರು 23 ಮೀಟರ್. 0.1 ಇದ್ದರೆ 160 ಮೀಟರ್‌ಗೂ ಹೆಚ್ಚು. ಕರಿಹಲಗೆಯ ಮೇಲೆ ಈ ಲೆಕ್ಕ ಎಷ್ಟು ಸಲ ಬಿಡಿಸಿದ್ದೇನೋ. ಅಷ್ಟೇಕೆ, ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಬಂದಾಗ ಕಾಲೇಜಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಫಲಕ ಹಿಡಿಸಿ, ಊರಿಡೀ ಜಾಥಾ ಮಾಡಿಸುತ್ತಿದ್ದವನು ನಾನು. ಜಾಥಾ ಮುಗಿದ ಮೇಲೆ ಹೆಲ್ಮೆಟ್ಟನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು ಬರಿತಲೆಯಲ್ಲಿ ಮನೆಗೆ ಬರುತ್ತಿದ್ದೆ. "ಮನೆ ಇಲ್ಲೇ ಎರಡು ಕಿಲೋಮೀಟರು" ಎಂಬುದು ಅದಕ್ಕೆ ಉತ್ತರ. ಈ ವಿಷಯಕ್ಕೆ ನನ್ನಾಕೆ ಹೂಡಿದ ಜಗಳಗಳನ್ನೆಲ್ಲ ನಾನು ಗೆದ್ದಿದ್ದೆ.

ಪೊಲೀಸಿನವನು ಬಂದ. ಎತ್ತರದ ಆಳು, ಮೆತ್ತಗೆ ಮಾತಾಡಿದ. ಮೂವತ್ತಾರು ಡಿಗ್ರಿ ಇತ್ತು ಎಂದು ನಾನು ಹರುಕು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದೆ. ಅವನು ತಲೆಯಾಡಿಸಿ, ಹಿಂದಕ್ಕೆ ತಿರುಗಿ ಹಳದಿ ಬೋರ್ಡನ್ನು ನೋಡಿದ. ಏನೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಮಗಳ ಮೈಬಿಸಿ ನೋಡಿ ಏನೋ ಸಂಖ್ಯೆ ಹೇಳಿದಳು. ನೋವಿನಲ್ಲಿ ತುಟಿ ಕಚ್ಚಿಕೊಂಡಿದ್ದ ಮಗಳು ನನ್ನತ್ತ ತಿರುಗಿ, "ಮೂವತ್ತಾರೂಮುಕ್ಕಾಲು ಅಪ್ಪ, ಸೆಲ್ಸಿಯಸ್" ಎಂದಳು. ಅಭ್ಯಾಸಬಲ. ಮೂರು ತಿಂಗಳಿಂದ ನನಗಾಗಿ ಎಲ್ಲವನ್ನೂ ತಿರುಗಿಸಿ ಹೇಳಿ ಹೇಳಿ ಅವಳಿಗೆ ರೂಢಿಯಾಗಿತ್ತು. ನಾನು ಎದ್ದು ಹೊರಗೆ ಹೋಗಿ ನಿಂತೆ.

ಇಷ್ಟರಲ್ಲೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಆ ಸಂಜೆ ಅಳಿಯ ಒಹಾಯೋದಿಂದ ಓಡಿಬಂದ. ಹೆಂಡತಿಯ ಕೈ ನೋಡಿದ, ಮಗನನ್ನು ಎತ್ತಿಕೊಂಡ, ಬೆಳಿಗ್ಗೆ ಏಕೆ ಹೊರಟಿರಿ ಎಂದು ಕೇಳಿದ. ಮಗಳು ನನ್ನ ಮುಖ ನೋಡದೆ, "ನಂದೇ ಅವಸರ ಆಯ್ತು" ಎಂದಳು. ನಾನು ಅಲ್ಲೇ, ಸೋಫಾದ ಮೇಲೆ ಕೂತಿದ್ದೆ. ಬಾಯಿ ತೆರೆಯಲಿಲ್ಲ. ಅವತ್ತೂ ತೆರೆಯಲಿಲ್ಲ, ಮಾರನೇ ದಿನವೂ ತೆರೆಯಲಿಲ್ಲ. ನಾಲ್ಕು ದಿನ. ಸೇತುವೆಯ ಮೇಲಿನದು ತಿಳಿಗೇಡಿತನ, ಈ ನಾಲ್ಕು ದಿನದ್ದು ಹೇಡಿತನ. ಒಂದಕ್ಕೆ ಭೌತಶಾಸ್ತ್ರದಲ್ಲಿ ಕಾರಣ ಹುಡುಕಬಹುದು, ಇನ್ನೊಂದಕ್ಕೆ ಎಲ್ಲಿ ಹುಡುಕಲಿ? ನನ್ನಾಕೆಗೆ ಎಲ್ಲ ಗೊತ್ತಿತ್ತು. ಅವಳೂ ಏನೂ ಅನ್ನಲಿಲ್ಲ. ತಟ್ಟೆಗೆ ಅನ್ನ ಬಡಿಸುವಾಗ ಸೌಟಿನ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು.

ಐದನೇ ದಿನ ರಾತ್ರಿ ಅಳಿಯ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ. ಮಗಳ ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ ರೊಟ್ಟಿ ಅವನದೇ ಪಾಲು. ಜೋಳದ ಹಿಟ್ಟು ಮೊಣಕೈ ತನಕ ಮೆತ್ತಿತ್ತು. ನಾನು ಬಾಗಿಲಿಗೆ ಆತು ನಿಂತು, "ಹೊರಡು ಅಂದವನು ನಾನಪ್ಪ. ಅವಳು ಬೇಡ ಅಂತಲೇ ಇದ್ದಳು" ಎಂದೆ. ಗಂಟಲು ಕಟ್ಟಿತು.

ಅವನು ತಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ."

"ಅವಳು ಹೇಳಿದಳಾ?"

"ಇಲ್ರಿ. ಥಂಡಿ ದಿನ ಆಕಿ ನನಗಿಂತ ಹೆಚ್ಚು ಅಂಜತಾಳ. ತಾನಾಗೇ ಗಾಡಿ ತೆಗೆಯೂ ಪೈಕಿ ಅಲ್ಲ." ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದ. "ನನ್ನ ಮೊದಲ ಚಳಿಗಾಲದಾಗ ನಾನೂ ಒಂದು ಗಾಡಿ ಕೆಡವೀನ್ರಿ ಮಾವಾರ. ಮೂವತ್ನಾಕಿತ್ತು ಅವತ್ತ."

ಆಮೇಲೆ ನಾವು ಉಂಡೆವು. ಥರ್ಮೋಸ್ಟಾಟ್ 70 ತೋರಿಸುತ್ತಿತ್ತು, ನಾನು ಅತ್ತ ನೋಡಲಿಲ್ಲ.

ಮಾರ್ಚ್ ಬಂದರೂ ಅಲ್ಲಿ ಚಳಿ ಪೂರ್ತಿ ಹೋಗುವುದಿಲ್ಲ, ಹಗಲು ಕರಗಿದ್ದು ರಾತ್ರಿ ಮತ್ತೆ ಕಟ್ಟುತ್ತದೆ. ಒಂದು ಬೆಳಿಗ್ಗೆ ಆರಕ್ಕೆ ಎಚ್ಚರವಾಯಿತು. ಅಳಿಯನ ಹಳೇ ಬೂಟು ಹಾಕಿಕೊಂಡು, ಪಂಚೆಯ ಮೇಲೆ ಕೋಟು ತೊಟ್ಟು ಗ್ಯಾರೇಜಿನ ಮುಂದೆ ಹೋದೆ. ಒಂದು ಕಾಲನ್ನು ಮುಂದೆ ಚಾಚಿ ಕಾಂಕ್ರೀಟಿನ ಮೇಲೆ ಉಜ್ಜಿದೆ. ಆಚೆ, ಈಚೆ. ಬಕೆಟಿಗೆ ಕೈಹಾಕಿ ಒಂದು ಬೊಗಸೆ ಉಪ್ಪು ತೆಗೆದೆ. ಹಿಂದಿನಿಂದ ಕಿಟಕಿ ಸರಿದ ಸದ್ದಾಯಿತು. ಅಳಿಯ, ಕೈಯಲ್ಲಿ ಕಾಫಿ ಲೋಟ.

"ಎಷ್ಟೈತ್ರಿ ಮಾವಾರ?"

"ಜಾರುತ್ತೆ" ಎಂದೆ.